ಕಾನೂನು ಕಾಲೇಜಿನ ಗ್ರಂಥಾಲಯ: ಹೊಸ ಯೋಜನೆ ಕೌಂಟರಿನಿಂದಲೇ ಶುರುವಾಗಲಿ

ಮುಂದಿನ ವರ್ಷ ಗ್ರಂಥಾಲಯದಲ್ಲಿ ಹೊಸದೇನು ಮಾಡೋಣ ಅನ್ನುವ ಚರ್ಚೆ ಎಷ್ಟೋ ಕಡೆ ಡೇಟಾಬೇಸ್ ಕಂಪನಿಯ ಡೆಮೊದಿಂದಲೇ ಶುರುವಾಗುತ್ತದೆ. ಹಾಗೆ ಶುರುವಾದರೆ ಖರೀದಿ ಪಟ್ಟಿ ಬೆಳೆಯುತ್ತದೆ, ಓದುಗರ ತೊಂದರೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಮೊದಲು ನೋಡಬೇಕಾದದ್ದು ಯಾವ ಪ್ರಶ್ನೆಗೆ ಕೌಂಟರಿನಲ್ಲಿ ಉತ್ತರ ಸಿಗಲಿಲ್ಲ, ಯಾವುದಕ್ಕೆ ವಿಪರೀತ ಹೊತ್ತು ಹಿಡಿಯಿತು ಅನ್ನುವುದನ್ನು.

ಇದಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಕೇಳಿದ್ದೇನು, ನಿಜವಾಗಿ ಬೇಕಿದ್ದದ್ದೇನು, ಎಲ್ಲಿ ಸಿಕ್ಕಿತು, ಎಷ್ಟು ನಿಮಿಷ ಹಿಡಿಯಿತು, ಸಿಗದಿದ್ದರೆ ಯಾಕೆ: ಈ ಐದೇ ಕಾಲಂ. ವರ್ಷವಿಡೀ ಬರೆಯಲು ಹೊರಟರೆ ಕೆಲವೇ ವಾರಗಳಲ್ಲಿ ನಿಂತುಹೋಗುತ್ತದೆ. ಸೆಮಿಸ್ಟರಿಗೆ ಎರಡು ವಾರ ಮಾತ್ರ ಬಿಡದೆ ಬರೆಯಿರಿ: ಅಸೈನ್‌ಮೆಂಟ್ ಕೊಟ್ಟ ವಾರ ಒಂದು, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಮೆಮೋರಿಯಲ್, ಅಂದರೆ ಲಿಖಿತ ವಾದ, ಸಲ್ಲಿಸುವ ಮುಂಚಿನ ವಾರ ಇನ್ನೊಂದು. ಮೊದಲ ಎರಡು ಕಾಲಂ ಒಂದಾಗದಂತೆ ನೋಡಿಕೊಳ್ಳಿ. "ಜಾಮೀನಿನ ಮೇಲೆ ಪುಸ್ತಕ ಇದೆಯಾ ಮೇಡಂ?" ಎಂದು ಕೇಳಿದ ಹುಡುಗನಿಗೆ ಬೇಕಿರುವುದು ಆರ್ಥಿಕ ಅಪರಾಧಗಳಲ್ಲಿ ನಿರೀಕ್ಷಣಾ ಜಾಮೀನಿನ (ಬಂಧನಕ್ಕೆ ಮುಂಚೆಯೇ ಪಡೆಯುವ ಜಾಮೀನಿನ) ಬಗ್ಗೆ ಬಂದ ತೀರ್ಪುಗಳು ಆಗಿರಬಹುದು. ಪುಸ್ತಕ ಕೊಟ್ಟು ಕಳಿಸಿದರೆ ಲೆಕ್ಕದಲ್ಲಿ ಸೇವೆ ಆಯಿತು, ಅವನ ಕೆಲಸ ಆಗಲಿಲ್ಲ.

ಇಂಥ ದಾಖಲೆಯಲ್ಲಿ ಈಗ ಪದೇ ಪದೇ ಬರುವ ಗೊಂದಲ ಹೊಸ ಕ್ರಿಮಿನಲ್ ಕಾನೂನುಗಳದ್ದು. 2024ರ ಜುಲೈ 1ರಂದು ಹಳೆಯ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಕೊಲೆಗೆ ಶಿಕ್ಷೆ ವಿಧಿಸುತ್ತಿದ್ದ ದಂಡ ಸಂಹಿತೆಯ ಕಲಂ 302 ಇಲ್ಲಿ 103(1). ಆದರೆ ಹೊಸ ಸಂಹಿತೆಯಲ್ಲೂ ಒಂದು 302 ಇದೆ. ಅದು ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ ಆಡಿದ ಮಾತಿಗೆ ಸಂಬಂಧಿಸಿದ್ದು. ಕಾಯ್ದೆಯ ಹೆಸರಿಲ್ಲದೆ ಬರೀ 302 ಎಂದು ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಹಳೆಯ-ಹೊಸ ಕಲಮುಗಳ ಹೋಲಿಕೆ ಪಟ್ಟಿ ಮಾಡುವುದು ಒಳ್ಳೆಯ ಮೊದಲ ಯೋಜನೆ. ಆದರೆ ಎರಡೇ ಕಾಲಂ ಇಟ್ಟರೆ ಪಟ್ಟಿ ದಾರಿ ತಪ್ಪಿಸುತ್ತದೆ. ಮೂರನೆಯದು, "ಏನು ಬದಲಾಯಿತು" ಅನ್ನುವುದು, ಇರಲೇಬೇಕು. ವಂಚನೆಯ 420, 318(4) ಆದದ್ದು ಸುಲಭದ ಉದಾಹರಣೆ. ಅಸಹಜ ಲೈಂಗಿಕ ಕ್ರಿಯೆಯ 377ಕ್ಕೂ ವ್ಯಭಿಚಾರದ 497ಕ್ಕೂ ಸಾಟಿಯಾದ ಕಲಂ ಹೊಸದರಲ್ಲಿ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63 ಆದಾಗ ಸಂಖ್ಯೆಯಷ್ಟೇ ಬದಲಾಗಲಿಲ್ಲ. ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರಕ್ಕೆ ಅನುಸೂಚಿಯಲ್ಲೇ ನಮೂನೆ ಬಂತು, ಅದರಲ್ಲಿ ತಜ್ಞರು ತುಂಬಬೇಕಾದ ಭಾಗವೂ ಇದೆ, ಹ್ಯಾಶ್ ವ್ಯಾಲ್ಯೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಅದರ ಡಿಜಿಟಲ್ ಗುರುತು) ಕೂಡ ಬರೆಯಬೇಕು.

ಜಾಗ ಸಾಲದೆಂದು ದಂಡ ಸಂಹಿತೆಯ ಹಳೆಯ ವ್ಯಾಖ್ಯಾನ ಗ್ರಂಥಗಳನ್ನು ದಯವಿಟ್ಟು ವಿಲೇವಾರಿ ಮಾಡಬೇಡಿ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ, ಮೇಲ್ಮನವಿಗಳು ವರ್ಷಗಟ್ಟಲೆ ನಡೆಯುತ್ತವೆ. ಪುಸ್ತಕದ ಬೆನ್ನಿನ ಮೇಲೆ "1-7-2024ರ ಮುಂಚಿನ ಅಪರಾಧಗಳಿಗೆ" ಎಂಬ ಚೀಟಿ ಅಂಟಿಸಿ, ಕ್ಯಾಟಲಾಗಿನಲ್ಲೂ ಅದೇ ಟಿಪ್ಪಣಿ ಹಾಕಿ. ಹಾಗೆ ಮಾಡಿದರೆ ಮೊದಲ ವರ್ಷದವರು ಹಳೆಯದನ್ನೇ ಇವತ್ತಿನ ಕಾನೂನೆಂದು ಓದುವ ಅಪಾಯವೂ ತಪ್ಪುತ್ತದೆ.

ಡೇಟಾಬೇಸಿನ ಚಂದಾ ನವೀಕರಿಸುವಾಗ ಲಾಗಿನ್ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ. COUNTER ಎಂಬ, ಆನ್‌ಲೈನ್ ಸಂಪನ್ಮೂಲಗಳ ಬಳಕೆಯನ್ನು ಎಣಿಸುವ ಮಾನದಂಡದ ವರದಿ ಕೊಡುವ ಪ್ರಕಾಶಕರಾದರೆ ಯೂನಿಕ್ ಐಟಂ ರಿಕ್ವೆಸ್ಟ್ಸ್ ನೋಡಿ. ಒಂದೇ ಲೇಖನವನ್ನು ಒಬ್ಬರು ಒಂದೇ ಬಾರಿಗೆ ಎಚ್‌ಟಿಎಂಎಲ್‌ನಲ್ಲೂ ಪಿಡಿಎಫ್‌ನಲ್ಲೂ ತೆರೆದರೆ ಟೋಟಲ್ ಲೆಕ್ಕದಲ್ಲಿ ಅದು ಎರಡಾಗುತ್ತದೆ, ಇಲ್ಲಿ ಒಂದೇ. ಅದಕ್ಕಿಂತ ಉಪಯುಕ್ತವಾದದ್ದು ಪ್ರವೇಶ ಸಿಗದೆ ವಾಪಸಾದವರ ಲೆಕ್ಕ. "ನೋ ಲೈಸೆನ್ಸ್" ಎಂದು ಬಂದರೆ ಆ ನಿಯತಕಾಲಿಕ ನಮ್ಮಲ್ಲಿಲ್ಲ; "ಲಿಮಿಟ್ ಎಕ್ಸೀಡೆಡ್" ಎಂದು ಬಂದರೆ ಇದೆ, ಏಕಕಾಲಕ್ಕೆ ಬಳಸುವವರ ಮಿತಿ ಸಾಲುತ್ತಿಲ್ಲ. ಎರಡಕ್ಕೂ ಪರಿಹಾರ ಬೇರೆ, ಖರ್ಚೂ ಬೇರೆ.

ಡೇಟಾಬೇಸಿನ ಲೇಖನ ಮನೆಯಿಂದ ತೆರೆಯುವುದಿಲ್ಲ ಎಂಬ ದೂರಿಗೆ ಒಂದು ಸಾಮಾನ್ಯ ಕಾರಣ ಅಧ್ಯಾಪಕರು ಅಡ್ರೆಸ್ ಬಾರಿನಿಂದ ನಕಲಿಸಿದ ತಾತ್ಕಾಲಿಕ ಲಿಂಕ್. ಪರ್ಮಲಿಂಕ್ (ಬದಲಾಗದ ಲಿಂಕ್) ತೆಗೆದುಕೊಂಡು, ಅದರ ಮುಂದೆ ಪ್ರಾಕ್ಸಿ ವಿಳಾಸ (ಹೊರಗಿನಿಂದ ಬರುವವರನ್ನು ಕಾಲೇಜಿನ ಲಾಗಿನ್ ಮೂಲಕ ಒಳಬಿಡುವ ವಿಳಾಸ) ಸೇರಿಸಿ, ಕಾಲೇಜಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ತೆರೆದು ನೋಡಿದ ಮೇಲೆಯೇ ಹಂಚಬೇಕು.

ಈ ವರ್ಷ ಒಂದೇ ಹೊಸ ತರಬೇತಿಗೆ ಸಮಯ ಇದ್ದರೆ ಅದು ಉಲ್ಲೇಖ ಪರಿಶೀಲನೆಯದ್ದಾಗಲಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ವಿದ್ಯಾರ್ಥಿ ಮೂರು ಹೆಜ್ಜೆ ಕಲಿಯಬೇಕು: ಆ ತೀರ್ಪು ನಿಜವಾಗಿ ಇದೆಯೇ, ಇದ್ದರೆ ಹೇಳಿದ ಪ್ಯಾರಾದಲ್ಲಿ ಆ ಮಾತಿದೆಯೇ, ಇದ್ದರೂ ಮುಂದೆ ಅದು ರದ್ದಾಗಿದೆಯೇ. ಮೊದಲ ಹೆಜ್ಜೆಗೆ ಸುಪ್ರೀಂ ಕೋರ್ಟಿನ ನ್ಯೂಟ್ರಲ್ ಸೈಟೇಶನ್ (ನ್ಯಾಯಾಲಯವೇ ತೀರ್ಪಿಗೆ ಕೊಡುವ ಗುರುತು ಸಂಖ್ಯೆ), ಅದರ ತೀರ್ಪುಗಳು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುವ ಇ-ಎಸ್‌ಸಿಆರ್ ಸಾಕು. ಮೂರನೆಯದೇ ಹೆಚ್ಚಾಗಿ ತಪ್ಪಿಹೋಗುವುದು, ತರಬೇತಿಯ ಅರ್ಧ ಹೊತ್ತು ಅಲ್ಲಿಗೇ ಮೀಸಲಿಡಿ. ಓರಿಯೆಂಟೇಶನ್ ದಿನ ಇದನ್ನು ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಮೊದಲ ಅಸೈನ್‌ಮೆಂಟ್ ಕೊಟ್ಟ ತರಗತಿಯಲ್ಲೇ ಇಪ್ಪತ್ತು ನಿಮಿಷ ಕೇಳಿ ಪಡೆಯಿರಿ, ಅದೇ ಅಸೈನ್‌ಮೆಂಟಿನ ವಿಷಯವನ್ನೇ ಉದಾಹರಣೆಯಾಗಿ ಬಳಸಿ.

ಯಾವ ಯೋಜನೆಗಾದರೂ ಪ್ರಸ್ತಾವ ಒಂದು ಪುಟ ದಾಟದಿರಲಿ. ಯಾರಿಗಾಗಿ, ಯಾರು ಮಾಡುತ್ತಾರೆ, ವಾರಕ್ಕೆ ಎಷ್ಟು ಗಂಟೆ, ಆ ಗಂಟೆಗಳಿಗಾಗಿ ಈಗಿನ ಯಾವ ಕೆಲಸ ಬಿಡುತ್ತೇವೆ. ಕೊನೆಯ ಪ್ರಶ್ನೆಗೆ ಉತ್ತರ ಬರೆಯದ ಯೋಜನೆ ಪರೀಕ್ಷಾ ಕಾಲದಲ್ಲಿ ಸೊರಗಿ ಹೋಗುತ್ತದೆ. ಸಂಜೆ ಸಿಬ್ಬಂದಿ ಇಲ್ಲದ ಕಡೆ ಚಾಟ್ ಸೇವೆ ತೆರೆದರೆ ಉತ್ತರವಿಲ್ಲದ ಸಂದೇಶಗಳಷ್ಟೇ ಗುಡ್ಡೆಯಾಗುತ್ತವೆ. ಬದಲಿಗೆ ಒಂದು ಫಾರಂ ಇಟ್ಟು, ಮರುದಿನ ಬೆಳಿಗ್ಗೆ 11ರೊಳಗೆ ಉತ್ತರ ಎಂದು ಬರೆದು, ಹಾಗೆಯೇ ನಡೆದುಕೊಳ್ಳುವುದು ಮೇಲು. ಒಂದು ಸೆಮಿಸ್ಟರ್, ಒಂದೇ ತರಗತಿಯ ಮಟ್ಟಿಗೆ ನಡೆಸಿ. ನಿಲ್ಲಿಸುವ ಮಿತಿಯನ್ನು, ಉದಾಹರಣೆಗೆ ವಾರಕ್ಕೆ ಐದಕ್ಕಿಂತ ಕಡಿಮೆ ಪ್ರಶ್ನೆ ಬಂದರೆ ಮುಂದುವರಿಸುವುದಿಲ್ಲ ಎಂದು, ಶುರುವಾಗುವ ಮುಂಚೆಯೇ ಅದೇ ಪುಟದಲ್ಲಿ ಬರೆದು ಸಮಿತಿಯ ಸಹಿ ಪಡೆಯಿರಿ.