ಒಡೆಯುತ್ತೆ, ಆದ್ರೆ ಎಲ್ಲಿ?

ಪಿಯುಸಿಯಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ ಸಿಲಬಸ್ ಮುಗಿಸುವ ಆತುರ ಇರಲಿಲ್ಲ. ಶನಿವಾರದ ಕೊನೆಯ ಪೀರಿಯಡ್ ಅಂತೂ ಫರ್ಮಾ ಸಂಖ್ಯೆಗಳಿಗೇ ಮೀಸಲು. ಪರೀಕ್ಷೆಗೆ ಬರೋದಿಲ್ಲ ಅಂತ ಗೊತ್ತಿದ್ದೂ ಯಾರೂ ಎದ್ದು ಹೋಗುತ್ತಿರಲಿಲ್ಲ.

2ನ್ನು 1, 2, 4, 8, 16ನೇ ಘಾತಕ್ಕೆ ಏರಿಸಿ, ಬಂದ ಒಂದೊಂದಕ್ಕೂ 1 ಕೂಡಿಸಿ. 3, 5, 17, 257, 65537 ಬರುತ್ತವೆ. ಐದೂ ಅವಿಭಾಜ್ಯ. ಮುಂದೆಯೂ ಹೀಗೇ ಇರುತ್ತೆ ಅಂತ 1640ರ ಸುಮಾರಿಗೆ ಫ್ರಾನ್ಸಿನ ಫರ್ಮಾ ನಂಬಿದ್ದ. ಮುಂದಿನದು, ಅಂದರೆ 2³²ಕ್ಕೆ 1 ಕೂಡಿಸಿದ್ದು, 4,29,49,67,297. ಇದು 641ರಿಂದ ಭಾಗವಾಗುತ್ತೆ ಅಂತ 1732ರಲ್ಲಿ ಆಯ್ಲರ್ ತೋರಿಸಿದ. ಭಾಗಲಬ್ಧ 67,00,417, ಶೇಷ ಸೊನ್ನೆ.

ಮೇಷ್ಟ್ರು ಭಾಗಾಕಾರ ಮಾಡಲೇ ಇಲ್ಲ. 641 ಅಂದರೆ 5×2⁷ಕ್ಕೆ 1 ಕೂಡಿಸಿದ್ದು. ಅದೇ 641 ಅಂದರೆ 5⁴ ಮತ್ತು 2⁴ ಕೂಡಿಸಿದ್ದು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರು. ಮೊದಲನೆಯದರ ಪ್ರಕಾರ 5×2⁷ ಅನ್ನೋದು 641ಕ್ಕಿಂತ ಒಂದೇ ಕಡಿಮೆ, ಅಂದರೆ 641ರಿಂದ ಭಾಗಿಸಿದರೆ ಶೇಷ −1. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ರ ಶೇಷ 1. ಈಗ ಎರಡನೆಯದರ ಪ್ರಕಾರ 5⁴ ಇದ್ದ ಕಡೆ −2⁴ ಇಡಿ. −2³²ರ ಶೇಷ 1 ಆಯ್ತು. ಅಂದಮೇಲೆ 2³²ಕ್ಕೆ 1 ಕೂಡಿಸಿದರೆ 641ರಿಂದ ಪೂರ್ತಿ ಭಾಗವಾಗಲೇಬೇಕು, ಅಲ್ವಾ? ಅಷ್ಟು ಚಂದದ ನಾಲ್ಕು ಸಾಲು ನಮ್ಮ ಪಠ್ಯಪುಸ್ತಕದಲ್ಲಿ ಒಂದೂ ಇರಲಿಲ್ಲ.

ಅದರ ಮುಂದಿನದು ಚದುರಂಗದ ಮನೆಗಳಲ್ಲಿ ದುಪ್ಪಟ್ಟು ಮಾಡುತ್ತಾ ತುಂಬುವ ಕಾಳಿನ ಲೆಕ್ಕಕ್ಕಿಂತ ಎರಡೇ ಜಾಸ್ತಿ: 18446744073709551617. ಇದೂ ಒಡೆಯುತ್ತೆ, 274177ರಿಂದ.

ಆದರೆ ಮೇಷ್ಟ್ರಿಗೆ ಹುಚ್ಚು ಹಿಡಿಸಿದ್ದು ಇಪ್ಪತ್ತನೆಯದು. (3ನ್ನು ಸೊನ್ನೆಯನೆಯದು ಅಂತ ಎಣಿಸಬೇಕು.) ನಾವು ಕಾಲೇಜಿಗೆ ಬರುವ ಸ್ವಲ್ಪ ಮುಂಚೆ, 1987ರಲ್ಲಿ, ಯಂಗ್ ಮತ್ತು ಬ್ಯುಯೆಲ್ ಅನ್ನೋರು ಸೂಪರ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅದು ಸಂಯುಕ್ತ ಸಂಖ್ಯೆ ಅಂತ ಸಾಬೀತು ಮಾಡಿದ್ದರು. ಅದರಲ್ಲಿ ಎಷ್ಟು ಅಂಕಿ ಇವೆ ಅಂತ ನಮ್ಮ ಕೈಲೇ ತೆಗೆಸಿದರು. ಘಾತ 10,48,576. ಅದನ್ನು 2ರ ಲಾಗರಿದಮ್‌ನಿಂದ ಗುಣಿಸಬೇಕು. ಲ್ಯಾಬಿನ ಲಾಗ್ ಪುಸ್ತಕದಲ್ಲಿದ್ದ 0.3010 ಸಾಲದು, 0.30103 ತಗೊಳ್ಳಿ ಅಂದರು. ಐದನೇ ಸ್ಥಾನದ ಆ ಒಂದು 3ರಿಂದಲೇ ಉತ್ತರ 31 ಅಂಕಿ ಆಚೆ ಹೋಗುತ್ತೆ. 3,15,653 ಅಂಕಿ ಬಂತು.

"ಹಾಗಾದ್ರೆ ಅದರ ಅಪವರ್ತನ ಯಾವುದು ಸಾರ್?" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ಗೊತ್ತಿಲ್ಲ ಕಣಯ್ಯ. ಒಂದೂ ಸಿಕ್ಕಿಲ್ಲ."

"ಸಿಗದೆ ಒಡೆಯುತ್ತೆ ಅಂತ ಹೆಂಗೆ ಹೇಳ್ತಾರೆ ಸಾರ್?"

ಈ ಪ್ರಶ್ನೆಗೇ ಅವರು ಕಾಯುತ್ತಿದ್ದರು ಅಂತ ಕಾಣುತ್ತೆ. ತಕ್ಷಣ ಬೋರ್ಡು ಒರೆಸಿ 17 ಅಂತ ಬರೆದರು. 1 ಕಳೆದು ಅರ್ಧ ಮಾಡಿದರೆ 8. 3ರ ಎಂಟನೇ ಘಾತ 6561. 17×386 ಅಂದರೆ 6562. ಒಂದೇ ಕಡಿಮೆ, ಅಂದರೆ ಶೇಷ −1. ಹಾಗೆ ಬಂದರೆ ಅವಿಭಾಜ್ಯ, ಬರದಿದ್ದರೆ ಸಂಯುಕ್ತ. 3 ಒಂದನ್ನು ಬಿಟ್ಟು ಎಲ್ಲ ಫರ್ಮಾ ಸಂಖ್ಯೆಗೂ ಸಲ್ಲುವ ಈ ಪರೀಕ್ಷೆ 1877ರಲ್ಲಿ ಪೆಪಿನ್ ಕೊಟ್ಟದ್ದು. ಇಪ್ಪತ್ತನೆಯದಕ್ಕೂ ಇದೇ ಪರೀಕ್ಷೆ ಮಾಡಿದರು, −1 ಬರಲಿಲ್ಲ. "ಒಡೆಯುತ್ತೆ ಅಂತ ಶೇಷ ಹೇಳ್ತು. ಎಲ್ಲಿ ಅಂತ ಮಾತ್ರ ಬಾಯಿ ಬಿಡ್ಲಿಲ್ಲ" ಅಂದರು ಮೇಷ್ಟ್ರು. ಆ ಹಿಂದಿನ ಬೆಂಚಿನವನಿಗೆ ಸಮಾಧಾನ ಆಗಲೇ ಇಲ್ಲ. ನನಗೂ ಅಷ್ಟೇ ಅನ್ನಿ.

ಇಂದಿಗೂ ಅದರ ಒಂದು ಅಪವರ್ತನವೂ ಸಿಕ್ಕಿಲ್ಲ. 1999ರಲ್ಲಿ ಇಪ್ಪತ್ನಾಲ್ಕನೆಯದೂ ಸಂಯುಕ್ತ ಅಂತ ಗೊತ್ತಾಯಿತು. ಅದರದ್ದೂ ಇದೇ ಕಥೆ. ಐದರಿಂದ ಮೂವತ್ತೆರಡರವರೆಗೆ ಎಲ್ಲವೂ ಒಡೆಯುತ್ತವೆ ಅಂತ ಈಗ ಖಾತ್ರಿಯಾಗಿದೆ. ಮೂವತ್ಮೂರನೆಯದು ಒಡೆಯುತ್ತೋ ಇಲ್ವೋ ಅನ್ನೋದೇ ಯಾರಿಗೂ ಗೊತ್ತಿಲ್ಲ. ಅಂಕಿಗಳೇ 258 ಕೋಟಿ ದಾಟುತ್ತವೆ. ಈಗಿನ ವಿದ್ಯಾರ್ಥಿಗಳು ಎಷ್ಟು ದಾಟುತ್ತವೆ ಅಂತ ಸರಿಯಾಗಿ ಲೆಕ್ಕ ಹಾಕಿ ನೋಡಲಿ. 0.30103 ಇದಕ್ಕೂ ಸಾಲದು.