ಸುಡಾಕತ್ತೈತಿ ಮಾಮ!

ಇವತ್ತು ಬೆಳಿಗ್ಗೆ ಕೊಪ್ಪಳದಲ್ಲಿ ಒಗ್ಗರಣೆ ಮಿರ್ಚಿ. ಅಕ್ಕನ ಮಗಳು ಮೊದಲ ಸಲ ಇಡೀ ಮಿರ್ಚಿ ಕಚ್ಚಿದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಮಾಮ, ಬಾಯಿ ಸುಡಾಕತ್ತೈತಿ!"

ಮಿರ್ಚಿ ಆಗಲೇ ಪೂರ್ತಿ ಆರಿತ್ತು. ಆದರೂ ಅವಳು ಹೇಳಿದ್ದು ಸರಿನೇ.

ನಾಲಿಗೆಯ ನರಗಳಲ್ಲಿ ಟಿಆರ್‌ಪಿವಿ1 ಅನ್ನೋ ಪ್ರೋಟೀನಿನ ಪುಟ್ಟ ಬಾಗಿಲಿದೆ. ಸುಮಾರು 43 ಡಿಗ್ರಿ ಬಿಸಿ ತಾಗಿದರೆ ತೆರೆದುಕೊಳ್ಳುತ್ತದೆ. ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ಸುಡ್ತಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ತೆರೆಯೋದೂ ಇದೇ ಬಾಗಿಲನ್ನ! ಬಿಸಿ ಯಾವುದು, ಖಾರ ಯಾವುದು, ಪಾಪ ಆ ಬಾಗಿಲಿಗೆ ಹೇಗೆ ಗೊತ್ತಾಗಬೇಕು?

1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಇದನ್ನು ಪತ್ತೆ ಮಾಡಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಮೆಣಸಿನಕಾಯಿ ಯಾಕೆ ಸುಡುತ್ತೆ ಅಂತ ಬೆನ್ನು ಹತ್ತಿ ಅಲ್ಲಿವರೆಗೆ ಹೋಗೋದು ಎಷ್ಟು ಚಂದ ಅಲ್ವಾ!

ಹಕ್ಕಿಗಳಿಗೂ ಈ ಬಾಗಿಲಿದೆ. ಆದರೆ ಅದು ಖಾರಕ್ಕೆ ಜಗ್ಗಲ್ಲ. ಅದಕ್ಕೇ ಗಿಳಿ ಹಣ್ಣುಮೆಣಸಿನಕಾಯಿಯನ್ನ ಆರಾಮಾಗಿ ತಿನ್ನುತ್ತದೆ.

ಹುಡುಗಿಗೆ ಒಂದು ಬಟ್ಟಲು ಮೊಸರು ಕೊಟ್ಟೆ. ಮೂಗು ಒರೆಸಿಕೊಂಡಳು. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಉಳಿದರ್ಧ ಮಿರ್ಚಿಗೆ ಕೈ ಹಾಕಿದಳು.