ಕೋವಿ ಇಲ್ಲದ ಪೊಲೀಸು

ಈ ವಾರ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಆ ಮನೆಯ ಮಗಳು ಸಬ್ ಇನ್‌ಸ್ಪೆಕ್ಟರ್. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗಲು ಅರ್ಜಿ ಹಾಕಿದ್ದಾಳೆ, ಆಯ್ಕೆಯಾದರೆ ದಕ್ಷಿಣ ಸುಡಾನ್ ಸಿಗಬಹುದು. ತಯಾರಿಯ ಮಾತು ನಡೆದಿತ್ತು. ಜಗಲಿಯಲ್ಲಿ ಅಡಿಕೆ ಆರಿಸುತ್ತ ಕೂತಿದ್ದ ಅಜ್ಜಿ ಕತ್ತೆತ್ತಿದರು.

‘ಅಲ್ಲ ಮಾರಾಯ್ತಿ, ಕೋವಿನೂ ಕೊಡಲ್ಲ, ಯಾರನ್ನೂ ಹಿಡಿದು ಒಳಗೆ ಹಾಕಂಗೂ ಇಲ್ಲ ಅಂತೀಯ. ಮತ್ತೆ ಅಲ್ಲಿಗೆ ಹೋಗಿ ಎಂತ ಮಾಡ್ತೀಯ?’

‘ಓಡಾಡಿ ನೋಡೋದು, ಜನರನ್ನ ಕೇಳೋದು, ವರದಿ ಬರೆಯೋದು ಅಜ್ಜಿ.’

‘ಬರೆಯಕ್ಕೆ ಅಷ್ಟು ದೂರ ಹೋಗಬೇಕಾ?’

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಪ್ಪ ‘ಡಾಲರ್‌ನಲ್ಲಿ ಕೊಡ್ತಾರೆ ಅಮ್ಮ, ಒಂದು ವರ್ಷ ಕಣ್ಣು ಮುಚ್ಚಿ ಇದ್ದು ಬರಲಿ’ ಎಂದು ಮಾತು ಮುಗಿಸಿದರು. ಅವರ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆ ಭತ್ಯೆ ಇರುವುದು ಊಟ, ವಸತಿಯ ಖರ್ಚಿಗೆ. ವಿಶ್ವಸಂಸ್ಥೆಯೇ ಕಂಟೇನರ್ ಕೋಣೆ ಕೊಟ್ಟರೆ ಅದರ ಬಾಬ್ತು ಕಳೆದೇ ಕೈಗೆ ಬರುತ್ತದೆ. ಉಳಿತಾಯ ಆಗುತ್ತದೆ, ನಿಜ. ಆದರೆ ಕಣ್ಣು ಮುಚ್ಚಿ ಇರುವವರಿಗೆ ಅಲ್ಲಿ ಕೆಲಸವೇ ಇಲ್ಲ. ಅಲ್ಲಿನ ಪೊಲೀಸಿನವರಿಗೆ ಇರುವ ಆಯುಧವೇ ಕಣ್ಣು.

ಅಜ್ಜಿಯ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಬೇಕು. ವಿಶ್ವಸಂಸ್ಥೆಯ ಪೊಲೀಸರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತುಕಡಿಯಾಗಿ ಹೋಗುವವರು. ಸುಮಾರು 140 ಜನ, ಅವರದೇ ಶಸ್ತ್ರ, ಅವರದೇ ಅಡುಗೆಮನೆ. 2007ರಲ್ಲಿ ಭಾರತದಿಂದ ಲೈಬೀರಿಯಾಕ್ಕೆ ಹೋದ ಮಹಿಳಾ ತುಕಡಿ ಈ ಬಗೆಯದು, ಜಗತ್ತಿನಲ್ಲೇ ಮೊದಲನೆಯದು. ಇನ್ನೊಂದು, ಈ ಹುಡುಗಿಯ ಹಾಗೆ ಒಬ್ಬೊಬ್ಬರೇ ಹೋಗಿ ಬೇರೆ ಬೇರೆ ದೇಶದವರ ಜೊತೆ ಒಂದು ತಂಡದಲ್ಲಿ ಸೇರುವವರು. ದಕ್ಷಿಣ ಸುಡಾನಿನಲ್ಲಿ ಇವರ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ. 1999ರಲ್ಲಿ ಕೊಸೊವೊ, ಪೂರ್ವ ಟಿಮೋರ್‌ಗಳಲ್ಲಿ ವಿಶ್ವಸಂಸ್ಥೆಯ ಪೊಲೀಸರೇ ಠಾಣೆ ನಡೆಸಿದರು, ಬಂಧಿಸಿದರು. ಬಹುತೇಕ ಕಡೆ ಹಾಗಿಲ್ಲ. ಠಾಣೆ ಆ ದೇಶದ್ದು, ಕಾನೂನು ಆ ದೇಶದ್ದು. ಹೋದವರು ಪಕ್ಕದಲ್ಲಿ ನಿಂತು ಸಲಹೆ ಕೊಡಬೇಕು.

ಹಾಗೆಂದು ಅಪಾಯವಿಲ್ಲ ಎಂದು ಮನೆಯವರಿಗೆ ಸುಳ್ಳು ಹೇಳಬಾರದು. 2022ರ ಜುಲೈನಲ್ಲಿ ಕಾಂಗೊದ ಬುಟೆಂಬೊದಲ್ಲಿ ವಿಶ್ವಸಂಸ್ಥೆಯ ನೆಲೆಯ ಮೇಲೆ ಜನ ತಿರುಗಿಬಿದ್ದಾಗ ನಮ್ಮ ಗಡಿ ಭದ್ರತಾ ಪಡೆಯ ಇಬ್ಬರು ಸತ್ತರು. ಅವರ ಕೈಯಲ್ಲಿ ಆಯುಧವೂ ಇತ್ತು.

ಇನ್ನು ದಿನಚರಿ. ಬೆಳಿಗ್ಗೆ ಮೊದಲು ಗಾಡಿ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪು. ಓಡಿಸುವವರ ಕಾರ್ಡ್ ಉಜ್ಜಿದರೆ ಮಾತ್ರ ಚಾಲೂ ಆಗುತ್ತದೆ, ಯಾರು ಎಷ್ಟು ವೇಗದಲ್ಲಿ ಹೋದರೆಂಬುದೂ ದಾಖಲಾಗುತ್ತದೆ. ಡೀಸೆಲ್ ಅರ್ಧ ಟ್ಯಾಂಕಿಗಿಂತ ಇಳಿಯಲು ಬಿಡಬಾರದು. ಕುಡಿಯುವ ನೀರು, ಸಲಿಕೆ, ಎಳೆಯುವ ಹಗ್ಗ, ಸ್ಟೆಪ್ನಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಊರಾಚೆ ಹೋಗುವಾಗ ಒಂದೇ ಗಾಡಿ ಹೊರಡಬಾರದು, ಕಡಿಮೆಯೆಂದರೂ ಎರಡು ಬೇಕು. ಹೊರಡುವಾಗ, ತಲುಪಿದಾಗ, ವಾಪಸು ತಿರುಗಿದಾಗ ರೇಡಿಯೊದಲ್ಲಿ ತಿಳಿಸಬೇಕು. ಗುಂಡಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡಬೇಕು. ಹೊಸಬರು ಒತ್ತುತ್ತಲೇ ಶುರು ಮಾಡುತ್ತಾರೆ, ಮೊದಲ ಪದ ನುಂಗಿಹೋಗುತ್ತದೆ. ನುಂಗಿಹೋಗುವ ಪದ ಹೆಚ್ಚಾಗಿ ಯಾರು ಯಾರನ್ನು ಕರೆಯುತ್ತಿದ್ದಾರೆ ಎಂಬುದೇ ಆಗಿರುತ್ತದೆ.

ಮಳೆ ನಮಗೆ ಹೊಸದೇ ಎಂದು ಮಲೆನಾಡಿನವರು ಅಂದುಕೊಳ್ಳುತ್ತಾರೆ. ಅಲ್ಲಿನದು ಬೇರೆಯೇ. ನಮ್ಮ ಜಂಬಿಟ್ಟಿಗೆ ಗುಡ್ಡದಲ್ಲಿ ಎಷ್ಟು ಸುರಿದರೂ ನೀರು ಇಳಿದು ಹರಿದುಹೋಗುತ್ತದೆ. ದಕ್ಷಿಣ ಸುಡಾನಿನ ಬೋರ್, ಮಲಕಾಲ್ ಪಟ್ಟಣಗಳ ಕಡೆ ನೆಲ ಚಪ್ಪಟೆ, ಮಣ್ಣು ಧಾರವಾಡ ಕಡೆಯ ಎರೆಯಂಥದ್ದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ರಸ್ತೆಯೇ ಕೆಸರು. ಗಾಡಿ ಹೂತರೆ ಆಕ್ಸಿಲರೇಟರ್ ತುಳಿಯುವುದನ್ನು ಮೊದಲು ನಿಲ್ಲಿಸಬೇಕು. ಚಕ್ರ ತಿರುಗಿದಷ್ಟೂ ಗುಂಡಿ ಆಳವಾಗುತ್ತದೆ. ಚಕ್ರದ ಮುಂದಿನ ಮಣ್ಣು ತೆಗೆದು, ಟೈರಿನ ಗಾಳಿ ಸ್ವಲ್ಪ ಇಳಿಸಿ, ಲೋ ಗೇರಿನಲ್ಲಿ ನಿಧಾನ ಏಳಿಸಬೇಕು. ಹಗ್ಗವನ್ನು ಚಾಸಿಯ ಕೊಕ್ಕೆಗೇ ಕಟ್ಟಬೇಕು, ಬಂಪರಿಗೆ ಕಟ್ಟಿದರೆ ಬಂಪರ್ ಮಾತ್ರ ಬರುತ್ತದೆ. ಬಿಗಿಯಾದ ಹಗ್ಗ ತುಂಡಾದರೆ ಕಾಲು ಮುರಿಯಬಲ್ಲದು, ಎಲ್ಲರೂ ದೂರ ನಿಲ್ಲಬೇಕು. ಆಗುಂಬೆ ಘಾಟಿ ಇಳಿಸಿದವರಿಗೂ ಅಲ್ಲಿ ಒಂದು ತೊಡಕಿದೆ. ಸ್ಟಿಯರಿಂಗ್ ಎಡಗಡೆ, ಗೇರು ಬಲಗೈಗೆ, ಸಂಚಾರ ರಸ್ತೆಯ ಬಲಕ್ಕೆ. ಆಯ್ಕೆ ಪರೀಕ್ಷೆಯಲ್ಲಿ ಕಂಬಗಳ ನಡುವೆ ಹಿಂದಕ್ಕೆ ಓಡಿಸಿ ತೋರಿಸಬೇಕು. ಮುಂದಕ್ಕೆ ಚೆನ್ನಾಗಿ ಓಡಿಸುವವರೂ ಅಲ್ಲೇ ಸೋಲುವುದು.

ಅಜ್ಜಿ ಕೇಳಿದ ‘ಎಂತ ಮಾಡ್ತೀಯ’ ಶುರುವಾಗುವುದು ಗಾಡಿಯಿಂದ ಇಳಿದ ಮೇಲೆ. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಸಾವಿರಾರು ಜನ ವಿಶ್ವಸಂಸ್ಥೆಯ ನೆಲೆಗಳಿಗೆ ಓಡಿಬಂದರು, ಶಿಬಿರಗಳಾದವು. ಅಂಥ ಶಿಬಿರದಲ್ಲಿ ಹೆಂಗಸರಿಗೆ ಧಾನ್ಯ ಸಿಗುತ್ತದೆ, ಅದನ್ನು ಬೇಯಿಸಲು ಸೌದೆ ಸಿಗುವುದಿಲ್ಲ. ಸೌದೆಗೆ ಬೇಲಿ ದಾಟಿ ಹೋಗಬೇಕು. ಹೋದಾಗಲೇ ಹಲ್ಲೆ, ಅತ್ಯಾಚಾರ. ಪೊಲೀಸಿನವಳು ಕೇಳಬೇಕಾದ್ದು ಇಷ್ಟು: ಯಾವ ದಾರಿ, ಎಷ್ಟು ದೂರ, ಯಾವ ಹೊತ್ತಿಗೆ, ಎಷ್ಟು ಜನ ಒಟ್ಟಿಗೆ, ವಾರದಲ್ಲಿ ಯಾವ ದಿನ, ದಾರಿಯಲ್ಲಿ ಸಮವಸ್ತ್ರದವರು ಯಾರಾದರೂ ಕಂಡರೇ. ಈ ಉತ್ತರಗಳು ಆ ರಾತ್ರಿಯೇ ವರದಿಯಲ್ಲಿ ಹೋದರೆ ಮರುದಿನದ ಗಸ್ತು ಆ ದಾರಿಗೆ, ಆ ಹೊತ್ತಿಗೆ ಬೀಳುತ್ತದೆ. ಕೋವಿ ಹಿಡಿದ ಸೈನಿಕರು ಜೊತೆಗೆ ಹೋಗುತ್ತಾರೆ. ಎರಡು ದಿನ ತಡವಾದರೆ ಗಸ್ತು ಖಾಲಿ ದಾರಿಯಲ್ಲಿ ತಿರುಗಿ ಬರುತ್ತದೆ. ಬರೆಯಲು ಅಷ್ಟು ದೂರ ಹೋಗಬೇಕಾ ಎಂದರೆ, ಹೋಗಬೇಕು. ಆ ದಾರಿಯನ್ನು ಕಂಡವರೇ ಬರೆಯಬೇಕು.

ಕೇಳುವುದರಲ್ಲೂ ಎಡವಟ್ಟಾಗುತ್ತದೆ. ನಡುವೆ ದುಭಾಷಿ ಇರುತ್ತಾರೆ. ಹೆಂಗಸು ಹತ್ತು ನಿಮಿಷ ಮಾತಾಡುತ್ತಾಳೆ, ದುಭಾಷಿ ಎರಡು ವಾಕ್ಯ ಹೇಳುತ್ತಾನೆ. ಅಲ್ಲಿಗೇ ಬಿಡಬಾರದು, ಚಿಕ್ಕ ಚಿಕ್ಕ ಪ್ರಶ್ನೆ ಹಾಕಿ ಮತ್ತೆ ಹೇಳಿಸಬೇಕು. ನೋಟ ಆ ಹೆಂಗಸಿನ ಕಡೆ ಇರಬೇಕು, ದುಭಾಷಿಯ ಕಡೆ ಅಲ್ಲ. ಡಿಂಕಾ, ನುವೆರ್, ಮುರ್ಲೆ ಜನರ ನಡುವೆ ದನದ ಲೂಟಿಯ ಹಳೆಯ ಹಗೆ ಇದೆ, ಆದ್ದರಿಂದ ದುಭಾಷಿ ಯಾವ ಕಡೆಯವನು ಎಂಬುದೂ ಗೊತ್ತಿರಬೇಕು. ಅತ್ಯಾಚಾರವಾದವಳ ಹತ್ತಿರ ಮಹಿಳಾ ದುಭಾಷಿಯೇ ಬೇಕು. ಅಲ್ಲಿ ವಿಚಾರಣೆ ಮೊದಲಲ್ಲ, ಆಸ್ಪತ್ರೆ ಮೊದಲು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ವರದಿಯಲ್ಲಿ ಅವಳ ಹೆಸರಿಗೆ ಬದಲು ಗುರುತಿನ ಸಂಖ್ಯೆ. ಕಣ್ಣಾರೆ ಕಂಡದ್ದು ಯಾವುದು, ಒಬ್ಬರು ಹೇಳಿದ್ದು ಯಾವುದು, ಊರೆಲ್ಲ ಹೇಳುತ್ತಿರುವುದು ಯಾವುದು ಎಂದು ಬೇರೆ ಬೇರೆ ಬರೆಯಬೇಕು. ನಮ್ಮವರ ದೊಡ್ಡ ದೋಷ ಇಲ್ಲೇ. ‘ತಿಳಿದುಬಂದಿರುತ್ತದೆ’ ಎಂದು ಮುಗಿಸಿಬಿಡುತ್ತೇವೆ. ಯಾರಿಂದ ತಿಳಿದುಬಂತು ಎಂದು ಅಲ್ಲಿ ತಕ್ಷಣ ಕೇಳುತ್ತಾರೆ.

ಸ್ಥಳೀಯ ಠಾಣೆಗೆ ಹೋದರೆ ಲಾಕಪ್ಪಿನ ರಿಜಿಸ್ಟರ್ ಮೊದಲು. ಒಳಗಿರುವ ತಲೆ ಎಣಿಸಿ ಹೆಸರು ತಾಳೆ ನೋಡಬೇಕು. ಮಕ್ಕಳು ದೊಡ್ಡವರ ಜೊತೆ ಇದ್ದಾರೆಯೇ, ಹೆಂಗಸರಿಗೆ ಬೇರೆ ಜಾಗ ಇದೆಯೇ, ಯಾರನ್ನಾದರೂ ಕಾರಣ ಬರೆಯದೆ ಕೂರಿಸಿದ್ದಾರೆಯೇ. ಬೈದರೆ ಮಾರನೆಯ ದಿನ ಬಾಗಿಲು ತೆರೆಯುವುದಿಲ್ಲ. ಪಕ್ಕದಲ್ಲಿ ಕೂತು, ಇದನ್ನು ಹೀಗೆ ಬರೆಯೋಣವೇ ಎಂದು ಕೇಳಬೇಕು. ಸಿಟ್ಟಿನ ಅಧಿಕಾರಿಗಳು ಅಲ್ಲಿ ಒಂದು ವರ್ಷ ಇದ್ದೂ ಏನೂ ಸಾಧಿಸದೆ ಬರುವುದು ಇದೇ ಕಾರಣಕ್ಕೆ.

ಮಲೇರಿಯಾ ಬಾರದಂತೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ ದಿನಕ್ಕೆ 100 ಮಿಲಿಗ್ರಾಂ, ಊಟದ ಜೊತೆ, ತುಂಬು ಲೋಟ ನೀರಿನಲ್ಲಿ. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ. ಊರಿಗೆ ಬಂದ ಮೇಲೂ ನಾಲ್ಕು ವಾರ ಬಿಡಬಾರದು. ಮಂಗನಕಾಯಿಲೆಗೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವ ಊರಿನವರಿಗೆ ಈ ಶಿಸ್ತು ಬೇಗ ಹತ್ತುತ್ತದೆ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಬೇಕು, ಪ್ರಮಾಣಪತ್ರ ಊರ್ಜಿತವಾಗುವುದು ಅಷ್ಟು ದಿನದ ಮೇಲೆಯೇ. ಅಡುಗೆ ತಾವೇ ಮಾಡಿಕೊಳ್ಳಬೇಕು: ಚಿಕ್ಕ ಕುಕ್ಕರ್, ಸಾರಿನ ಪುಡಿ, ಒಣಗಿಸಿದ ವಾಟೆಹುಳಿ. ಉಪ್ಪಿನಕಾಯಿ ಸೋರುತ್ತದೆ, ವಾಟೆಹುಳಿ ಸೋರುವುದಿಲ್ಲ. ಅಲ್ಲಿ ರಾತ್ರಿ ಎಂಟಾದರೆ ಇಲ್ಲಿ ಹನ್ನೊಂದೂವರೆ. ಫೋನಿನ ಹೊತ್ತು ಈಗಲೇ ಗೊತ್ತು ಮಾಡಿಕೊಂಡರೆ ಮನೆಯವರಿಗೆ ನಿದ್ದೆ ಬರುತ್ತದೆ.

ಅಜ್ಜಿಯ ಮಾತಿಗೆ ಮತ್ತೆ ಮತ್ತೆ ಮನಸ್ಸು ಹೋಗುವುದು ಇನ್ನೊಂದು ಕಾರಣಕ್ಕೆ. ಕೋವಿ, ಲಾಕಪ್ಪು ಇಲ್ಲದ ಪೊಲೀಸು ಅವರಿಗೆ ಕಲ್ಪನೆಗೇ ಬರುತ್ತಿಲ್ಲ. ತಪ್ಪು ಅವರದಲ್ಲ. ಎಂಬತ್ತು ದಾಟಿದ ಅವರು ಕಂಡ ಪೊಲೀಸರು ಅಂಥವರೇ. ಠಾಣೆಗೆ ಬಂದ ದೂರನ್ನು ಬರೆದುಕೊಂಡು, ಬರೆದದ್ದನ್ನು ಕೊಟ್ಟವರಿಗೇ ಓದಿ ಹೇಳಿ, ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು ನಮ್ಮ ಕಾನೂನೂ ಹೇಳುತ್ತದೆ; ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 154ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 173. ಓದಿ ಹೇಳುವ ಕೆಲಸ ಎಷ್ಟು ಕಡೆ ನಡೆಯುತ್ತದೆ? ಬಗರ್‌ಹುಕುಂ ಜಗಳಕ್ಕೋ ಗಂಡನ ಹೊಡೆತಕ್ಕೋ ಬಂದ ಹೆಂಗಸಿನ ಮಾತು ಹತ್ತು ನಿಮಿಷದ್ದು, ರೈಟರ್ ಬರೆಯುವುದು ಎರಡು ವಾಕ್ಯ. ಇಲ್ಲಿ ದುಭಾಷಿಯೂ ಇಲ್ಲ, ಕನ್ನಡದಿಂದ ಕನ್ನಡಕ್ಕೇ ಅಷ್ಟು ಸೋರಿಹೋಗುತ್ತದೆ.

ಶಾಂತಿಪಾಲನೆ ಮುಗಿಸಿ ಬಂದವರಿಗೆ ಪದಕ ಸಿಗುತ್ತದೆ, ಆಮೇಲೆ ಜಾತ್ರೆಯ ಬಂದೋಬಸ್ತು. ಅವರನ್ನು ಜಿಲ್ಲೆಯ ಠಾಣೆಗಳ ರೈಟರ್‌ಗಳ ಎದುರು ಎರಡು ದಿನ ಕೂರಿಸಬೇಕು. ಒಂದು ದೂರನ್ನು ಕೇಳಿಸಿಕೊಳ್ಳುವುದು, ಕಂಡದ್ದು ಕೇಳಿದ್ದು ಬೇರೆ ಮಾಡಿ ಬರೆಯುವುದು, ಓದಿ ಹೇಳುವುದು, ಇಷ್ಟನ್ನೇ ಮಾಡಿಸಬೇಕು. ಕೋಣೆ, ಹಾಳೆ, ಪೆನ್ನು ಸಾಕು. ಬೇರೆ ಖರ್ಚೇನೂ ಇಲ್ಲ. ತೀರ್ಥಹಳ್ಳಿಯ ಹುಡುಗಿಗೆ ಪರೀಕ್ಷೆಯವರೆಗೂ ದಿನಕ್ಕೊಂದು ವರದಿ ಬರೆಯಲು ಹೇಳಿದ್ದೇನೆ. ಮೊದಲನೆಯದಕ್ಕೆ ಅವಳು ಆರಿಸಿಕೊಂಡದ್ದು ತನ್ನ ಠಾಣೆಗೇ ಬಂದ ಒಂದು ದೂರನ್ನು.